ಪಾಕ ನೋಡುವವಳು

ಬಸರಾಳಿನ ಆಲೆಮನೆಯಲ್ಲಿ ಅಪ್ಪ
ಕೊಪ್ಪರಿಗೆಯ ಮುಂದೆ ನಿಂತು ಬಣ್ಣ ನೋಡುತ್ತಿದ್ದ.
ಗಡಿಯಾರವಿಲ್ಲ, ಥರ್ಮಾಮೀಟರಿಲ್ಲ.
ಒಂದು ತೊಟ್ಟು ತಣ್ಣೀರಿಗೆ ಬಿಟ್ಟು
ಬೆರಳಲ್ಲಿ ಉರುಟಿ
"ಇಳಿಸ್ರೋ" ಅಂದರೆ ಇಳಿಸಬೇಕು.
ಒಂದು ಕೆಮ್ಮು ಕೆಮ್ಮುವಷ್ಟು ತಡವಾದರೂ
ಇಡೀ ಕೊಪ್ಪರಿಗೆ ಸೀದುಹೋಗುತ್ತಿತ್ತು.

ನಾನೂ ಈಗ ಬಣ್ಣವನ್ನೇ ನೋಡುವುದು,
ಮೈಸೂರಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ.
ಯಾರದೋ ಎದೆಯಿಂದ ತೆಗೆದ
ಅವರೆಕಾಳಿನಷ್ಟು ಮಾಂಸ
ಮೇಣದಲ್ಲಿ ಮುಳುಗಿ,
ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆಸಿಕೊಂಡು
ಗಾಜಿಗೆ ಅಂಟಿ ಬರುತ್ತದೆ.
ಬಣ್ಣ ಬಿಟ್ಟು ಕಾಯುತ್ತೇನೆ.
ಕೋಶದ ನಟ್ಟನಡುವೆ ರಿಸೆಪ್ಟರ್ ಇದ್ದರೆ
ಕಂದು ಏರುತ್ತದೆ.
ಇಲ್ಲವಾದರೆ ಬರೀ ನೀಲಿ,
ಇಂಕು ಚೆಲ್ಲಿ ಎಷ್ಟು ಉಜ್ಜಿದರೂ ಹೋಗದ
ಸ್ಕೂಲು ಅಂಗಿಯ ನೀಲಿ.

ಸೊನ್ನೆ, ಒಂದು, ಎರಡು, ಮೂರು.
ಇಷ್ಟೇ ನಾನು ಹಾಕುವ ಮಾರ್ಕು.

ಮಂಡ್ಯದ ಮಾರ್ಕೆಟ್ಟಿನಲ್ಲಿ ಬಿಳಿಚಿದ ಅಚ್ಚಿಗೆ ರೇಟು,
ಕಪ್ಪು ಬೆಲ್ಲ ಮೂಲೆಗೆ.
ಇಲ್ಲಿ ತಿರುವುಮುರುವು.
ಕಂದು ಗಟ್ಟಿಯಾದಷ್ಟೂ ನನ್ನ ಭುಜ ಸಡಿಲಾಗುತ್ತದೆ:
ಈ ಗಂಟಿಗಿನ್ನೂ ಕಿವಿಯಿದೆ,
ಮೈಯ ಮಾತು ಕೇಳುತ್ತದೆ,
ದಿನಕ್ಕೊಂದು ಮಾತ್ರೆ ಕೊಟ್ಟು
ಆ ಕಿವಿಗೆ ಹತ್ತಿ ತುರುಕಬಹುದು.
ನೀಲಿ ಗಂಟು ಯಾರ ಮಾತನ್ನೂ ಕೇಳಿಸಿಕೊಳ್ಳದೆ
ತನ್ನ ಪಾಡಿಗೆ ಬೆಳೆಯುತ್ತದೆ.

ಡಾಕ್ಟರ್ ನಂದಿನಿ ಅರಸ್ ಒಂದು ಪಟ್ಟಿ ಕೊಟ್ಟರು.
ಹತ್ತು ವರ್ಷದ ಸ್ಲೈಡುಗಳು, ಇನ್ನೂರ ಹದಿನಾಲ್ಕು ಹೆಸರು.
"ಇದ್ದಾರಾ, ಇಲ್ಲವಾ, ಫೋನ್ ಮಾಡಿ ಬರಿ."

ಹೆಸರು ಗೊತ್ತಿತ್ತು, ಬಣ್ಣ ಗೊತ್ತಿತ್ತು,
ದನಿ ಒಂದೂ ಗೊತ್ತಿರಲಿಲ್ಲ.

ಮದ್ದೂರಿನ ನಂಬರಿಗೆ ಪಂಚರ್ ಅಂಗಡಿಯವನು ಸಿಕ್ಕ:
"ಐದ್ ವರ್ಷದಿಂದ ಇದು ನನ್ದೇ ನಂಬರು ಮೇಡಂ."
ಹಾಗೆ ಸಿಗದವರಿಗೆ ಗೆರೆಯ ಮೇಲೊಂದು ಸಣ್ಣ ಗೀಟು.
ಇದ್ದಾರೆಂದೂ ಅಲ್ಲ, ಸತ್ತರೆಂದೂ ಅಲ್ಲ,
ಕೊನೆಯ ಸಲ ಕಂಡದ್ದು ಇಲ್ಲಿ ಅಂತ.

ಕಂಪ್ಯೂಟರು ಎರಡು ಗೆರೆ ಎಳೆಯಿತು,
ಎರಡೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂಥವು.
ನೀಲಿಯದು ಮೊದಲ ಮೂರು ವರ್ಷ ದಡದಡ ಉರುಳಿ
ಆಮೇಲೆ, ನಾನೆಣಿಸಿರಲಿಲ್ಲ,
ಗದ್ದೆಯ ಬದುವಿನಂತೆ ಸಪಾಟು.
ಕಂದಿನದು ಮೇಲೇ ನಡೆಯುತ್ತದೆ,
ಅವಸರವಿಲ್ಲ,
ಒಂಬತ್ತನೇ ವರ್ಷದಲ್ಲೂ ಒಂದು ಮೆಟ್ಟಿಲು,
ಎಲ್ಲ ಮುಗಿಯಿತು ಅಂದುಕೊಂಡ ಮೇಲೂ ಒಂದು.

ಆ ಮೆಟ್ಟಿಲಲ್ಲಿ ಒಂದು ಜಯಶೀಲ ಟೀಚರು.
ಮೂರಕ್ಕೆ ಮೂರು ಕೊಟ್ಟಿದ್ದೆ,
ಅಂಥ ಕಂದು ಆ ವರ್ಷ ಮತ್ತೊಂದು ಬಂದಿರಲಿಲ್ಲ.
ಅವರ ಯಜಮಾನರು ಕೇಳಿದರು:
"ಮಾತ್ರೆ ಅರ್ಧ ಸ್ಟ್ರಿಪ್ ಉಳಿದಿದೆ.
ಯಾರಿಗಾದರೂ ಆಗುತ್ತದಾ?
ತಂದುಕೊಡಲಾ?"

ಅಪ್ಪನನ್ನು ಒಮ್ಮೆ ಕೇಳಿದ್ದೆ,
ಪಾಕ ಸರಿಯಿದ್ದೂ ಅಚ್ಚು ಯಾಕೆ ಒಡೆಯಿತು ಅಂತ.
ಕೈ ಒರೆಸಿಕೊಳ್ಳುತ್ತಾ ಹೋದ, ಮಾತಾಡಲಿಲ್ಲ.

ಸೊನ್ನೆ ಹಾಕಿದ ಸ್ಲೈಡುಗಳಲ್ಲಿ
ಕಿರುಗಾವಲಿನ ಕೆಂಪಾಜಮ್ಮನದೂ ಒಂದು.
ಎಂಟು ವರ್ಷದ ಹಿಂದಿನದು.
ಅಂಕಣದಲ್ಲಿ ಏನು ಬರೆಯಬೇಕೆಂದು
ಮೊದಲೇ ನಿಶ್ಚಯಿಸಿಕೊಂಡೇ ನಂಬರ್ ಒತ್ತಿದೆ,
ನಾಚಿಕೆಯಾಗುತ್ತದೆ ಹೇಳಲು.

"ಯಾರವ್ವ?"
ಹಿಂದೆ ಎಮ್ಮೆ, ಬಕೆಟ್ಟಿನ ಸದ್ದು.
"ಕೆಂಪಾಜಮ್ಮ ಅವರು..."
"ನಾನೇ ಕಣವ್ವ, ಏನ್ ಹೇಳು ಬೇಗ.
ಡೇರಿಗೆ ಹಾಲು ಹಾಕೋ ಹೊತ್ತು,
ಆ ಸೆಕ್ರೆಟ್ರಿ ಐದ್ ನಿಮಿಷ ಲೇಟಾದ್ರೆ ಬಾಗ್ಲು ಹಾಕ್ತಾನೆ.
ಆಮೇಲ್ ಮಾಡು."

ಇದ್ದಾರೆ, ಎಂದು ಬರೆದೆ.
ಅದಕ್ಕೆ ಅಂಕಣದಲ್ಲಿ ಇದ್ದದ್ದು ಒಂದೇ ಅಕ್ಷರದ ಜಾಗ.

ಈಗ ಏಳೂವರೆ.
ಡಾಕ್ಟರು ಹೋದರು, ಪಟ್ಟಿ ಮುಗಿಯಿತು,
ನಾಳೆಯ ಸ್ಲೈಡುಗಳು ಟ್ರೇಯಲ್ಲಿ ಒಣಗುತ್ತಿವೆ.
ಕೆಂಪಾಜಮ್ಮನ ಹತ್ತಿರ ಕೇಳುವುದೇನೂ ಉಳಿದಿಲ್ಲ.
ಆದರೂ ಫೋನು ತೆಗೆದೆ.
ಆಮೇಲೆ ಮಾಡು ಅಂದಿದ್ದಾರಲ್ಲ.