ಖಾಲಿ ಕುದುರೆ

ಚೌಬಾರಾ ದಾಟಿ ಮದರಸಾದ ಕಡೆ ತಿರುಗಿದರೆ
ಆರು ಫೂಟಿನ ಅಂಗಡಿ ನಮ್ಮದು:
ಪಾಂಚಾಳ ಬಂದೂಕು ರಿಪೇರಿ.
ಬೋರ್ಡಿನ ಮೇಲೆ ಲೈಸನ್ಸ್ ನಂಬರು ಅಳಿಸಿದೆ, ಲೈಸನ್ಸು ಅಳಿಸಿಲ್ಲ.
ಪಕ್ಕದಲ್ಲಿ ಬಿದರಿಯವರ ಸಣ್ಣ ಸುತ್ತಿಗೆ ಟಿಣ್ ಟಿಣ್,
ಇತ್ತ ನನ್ನ ಅರ.

ವಾರಕ್ಕೊಬ್ಬರಾದರೂ ಕೇಳುತ್ತಾರೆ:
ಗುಂಡಿಲ್ದ ಕುದುರಿ ಎಳೆದ್ರ ಏನರ ಆಗ್ತದೇನ್ರಿ?

ಅಪ್ಪ ಸಟಕ್ಕನೆ ಉತ್ತರ ಕೊಟ್ಟವನಲ್ಲ.
ಯಾವ ಕಾಲದ್ದು, ಮೊದಲು ತೋರಸು, ಅನ್ನುತ್ತಿದ್ದ.
ಹಳೆಯದಾದರೆ ಕುದುರೆಯ ಮೂತಿಗೇ ಮೊಳೆ.
ಕಚ್ಚಲು ಹಿತ್ತಾಳೆ ಸಿಗದೆ ಗಾಳಿಗೆ ಬಡಿದು ಬಡಿದು
ಒಂದು ದಿನ ಲಟಕ್ಕೆಂದು ಮುರಿಯುತ್ತದೆ.
ಅಂಥವನ್ನು ತಂಬಾಕಿನ ಡಬ್ಬಿಯಲ್ಲಿ ಇಟ್ಟಿದ್ದ,
ಮಕ್ಕಳ ಹಾಲುಹಲ್ಲು ಇಟ್ಟ ಹಾಗೆ.
ಬಾವೀಸ್ ಬೋರಿನದಂತೂ ಬೇಡವೇ ಬೇಡ,
ಮೊಳೆ ತನ್ನ ಗೂಡಿನ ಅಂಚನ್ನೇ ಕುಕ್ಕುತ್ತದೆ.

ಹೊಸದು ಹಾಗಲ್ಲ.
ಕುದುರೆಗೂ ಮೊಳೆಗೂ ನಡುವೆ ತೆಳ್ಳನೆ ಉಕ್ಕಿನ ಪಟ್ಟಿ,
ಬೆರಳು ಎಳೆದಾಗ ಮಾತ್ರ ಎದ್ದು ನಿಲ್ಲುತ್ತದೆ,
ಏಟು ತನ್ನ ಮೈಮೇಲೆ ತಗೊಂಡು ಆಚೆ ದಾಟಿಸುತ್ತದೆ.
ಮೊಳೆಯ ಬೆನ್ನಿಗೆ ಸ್ಪ್ರಿಂಗು.
ಸಾವಿರ ಸಲ ಒತ್ತು, ಅದಕ್ಕೆ ಗೊತ್ತೇ ಆಗುವುದಿಲ್ಲ.
ಆದರೂ ಅಪ್ಪ, ಸಿಡಿದ ಕಾಡತೂಸಿನ ತಳಕ್ಕೆ
ಶಾಲೆಯ ರಬ್ಬರು ಕತ್ತರಿಸಿ ತುಂಬಿ
ಆರಾರು ಮಾಡಿ ಪುಕ್ಕಟೆ ಕೊಡುತ್ತಿದ್ದ:
ಬಡಿಯೋದಕ್ಕ ಎದುರಿಗಿ ಏನರ ಮೆತ್ತಂದು ಇರಬೇಕಪ್ಪ.

ಹೋಳಿ ಮುಗಿದ ವಾರ, ಉರಿಬಿಸಿಲಲ್ಲಿ,
ಭಾಲ್ಕಿ ಬಸ್ಸಿಳಿದು ಇಂದುಮತಿಬಾಯಿ ಬಂದಳು.
ಕೈಯಲ್ಲಿ ಆಯುಧವಿಲ್ಲ, ನೀರಿನ ಬಾಟಲಿ ಅಷ್ಟೆ.
ನಮ್ಮ ಮನ್ಯಾಗ ರಾತ್ರಿ ಊಟ ಆದಮ್ಯಾಲ ಖಾಲಿ ಹೊಡಿತಾರ್ರಿ.
ಮಾತು ಬಿಟ್ಟು ಎಂಟು ತಿಂಗಳಾತು. ಬರೇ ಟಕ್.
ಗ್ವಾಡಿಗಿ. ಕ್ಯಾಲೆಂಡರಿಗಿ.
ಒಮ್ಮೊಮ್ಮೆ ನಾ ರೊಟ್ಟಿ ಬಡಿಯೂ ಕಡಿಗಿ.
ಖಾಲಿ ಅದ, ಏನಾಗ್ತದ, ಅಂತಾರ.
ಎಲೆಕ್ಷನ್‌ಕ ಠಾಣಿದಾಗ ಜಮಾ ಇಟ್ಟಿದ್ರು ನೋಡ್ರಿ,
ಆ ಎರಡ ತಿಂಗಳು ಸಣ್ಣಾಕಿ ಹಾಸಿಗಿ ಒದ್ದಿ ಮಾಡಲಿಲ್ಲ.

ಆಮೇಲೆ ಕೇಳಿದಳು:
ಹಂಗ ಹೊಡದ್ರ ಅದು ಕೆಟ್ಟು ಹೋಗ್ತದೇನ್ರಿ?

ಇಷ್ಟು ವರ್ಷದಲ್ಲಿ
ಹೌದು ಅನ್ನಲಿ ಎಂದು ಕೇಳಿದವಳು ಇವಳೊಬ್ಬಳೇ.
ಹೊಸಾದು, ಬಾಯಿ, ಅದಕ್ಕೇನೂ ಆಗಲ್ಲ
ಎಂಬುದು ತುಟಿಗೆ ಬಂದು ನಿಂತಿತು.
ಪಕ್ಕದ ಸುತ್ತಿಗೆ ಬಿದ್ದಾಗಲೊಮ್ಮೆ
ಅವಳ ರೆಪ್ಪೆ ಹಾರುತ್ತಿತ್ತು.
ಅಲ್ಲಿ, ನಡುವೆ, ಯಾವ ಪಟ್ಟಿಯೂ ಇರಲಿಲ್ಲ.

ಸರ್ವಿಸಿಗಿ ಕಳಸ್ರಿ, ಅಂದೆ.

ಗುರುವಾರ ಮಾಣಿಕರಾವ್ ತಾವೇ ತಂದರು,
ಬತ್ತೀಸ್ ಬೋರು, ಕನ್ನಡಿಯಂಥ ಹೊಳಪು.
ಪಕ್ಕದ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಹಚ್ಚಿ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.
ಎಲ್ಲಾ ನೆಟ್ಟಗಿತ್ತು.
ಮೊಳಿ ಸವೆದದ, ಸಾಹೇಬ್ರ. ಖಾಲಿ ಹೊಡದೀರೇನು?
ಮನುಷ್ಯ ತಪ್ಪು ಲೆಕ್ಕ ಮಾಡಿದ ಹುಡುಗನ ಹಾಗೆ ನೆಲ ನೋಡಿದರು.
ಹೊಸಾದಕ್ಕ ಏನೂ ಆಗಲ್ಲ ಅಂತಾರಲ್ಲ?
ಯಾರಂದ್ರು, ಅಂದೆ.
ಹೇಳಲಿಲ್ಲ.

ಅಪ್ಪನ ರಿಜಿಸ್ಟರಿನಲ್ಲಿ ಹೆಸರು, ನಂಬರು, ತಾರೀಖು,
ಕಾರಣದ ಕಾಲಮ್ಮಿನಲ್ಲಿ: ಮೊಳೆ ದೋಷ.
ನಲವತ್ತು ವರ್ಷದ ಆ ಪುಸ್ತಕದಲ್ಲಿ ನನಗೆ ತಿಳಿದಂತೆ
ಅದೇ ಮೊದಲ ಸುಳ್ಳು. ಅಕ್ಷರ ದುಂಡಗೆ ಬಂದಿದೆ.

ಈಗ ನಾಲ್ಕು ತಿಂಗಳು.
ಫೋನು ಮಾಡುತ್ತಾರೆ, ಪಾರ್ಸಲ್ ಬಂದಿಲ್ಲ ಅನ್ನುತ್ತೇನೆ.
ಮೊನ್ನೆ ಎಣ್ಣೆ ಹಚ್ಚಲು ತಿಜೋರಿಯಿಂದ ತೆಗೆದೆ.
ಗೂಡು ಆರೂ ಎಣಿಸಿ, ಮತ್ತೊಮ್ಮೆ ಎಣಿಸಿ,
ಅಪ್ಪನ ರಬ್ಬರು ತುಂಬದೆಯೇ, ನೆಲದ ಕಡೆ ಮಾಡಿ
ಒಂದು ಸಲ ಎಳೆದೆ.
ಟಕ್.
ಪಟ್ಟಿ ಎದ್ದಿತು, ಏಟು ತಗೊಂಡಿತು, ಇಳಿಯಿತು.
ಅದಕ್ಕೆ ಏನೂ ಆಗಲಿಲ್ಲ.

ಬಟ್ಟೆ ಸುತ್ತಿ ಒಳಗಿಟ್ಟೆ.
ಕಾನಪುರ ಬಹಳ ದೂರ.