ಮೂರಿಂಚು

ಮೂಡಿಗೆರೆಯಿಂದ ಬಂದರೆ ಹ್ಯಾಂಡ್‌ಪೋಸ್ಟಿಗೆ ಮೊದಲು
ಎಡಕ್ಕೆ ನನ್ನ ಶೆಡ್ಡು. ಬೋರ್ಡಿಲ್ಲ;
ಮರಕ್ಕೆ ನೇತುಹಾಕಿದ ಲಾರಿ ಟೈರೇ ಬೋರ್ಡು.

ಅಲ್ಲಿ ಬಂದು ನಿಂತಿತು, ಒಂದು ಕಾಲು ಕುಂಟುತ್ತ,
ಕೋಟಿಯ ಮೇಲೊಂದಿಷ್ಟು ಲಕ್ಷದ ಗಾಡಿ.
ಬಾಗಿಲು ತೆಗೆದರೆ ಮೆಟ್ಟಿಲು ತಾನೇ ಕೆಳಗಿಳಿಯುತ್ತೆ.
ಇಳಿದವರು ಸುಜಯಕ್ಕ. ಹಿಂದೆ ನಿರಂಜನ ಗೌಡರು.
"ಮೊಯ್ದು, ವರ್ಷದಲ್ಲಿ ಇದು ನಾಲ್ಕನೇ ಟೈರು.
ತೋಟದ ಗೇಟಿಂದ ಪಲ್ಪರ್ ಮನೆವರೆಗೆ
ಹೋಗೋಕಾಗದ ಗಾಡಿ ನಂಗ್ಯಾಕಪ್ಪ?"

ಕೂತು ನೋಡಿದೆ. ಇಪ್ಪತ್ತೊಂದು ಇಂಚಿನ ರಿಮ್ಮು,
ಕನ್ನಡಿಯಂತೆ ಹೊಳೆಯುವಂಥದು.
ಅದರ ಸುತ್ತ ಬಳೆ ತೊಡಿಸಿದಷ್ಟೇ ರಬ್ಬರು.
ಕಲ್ಲು ಎದುರಾದರೆ ಬಗ್ಗೋದಕ್ಕೆ ಜಾಗವೆಲ್ಲಿ?
ಬಗ್ಗದ್ದು ಒಡೆಯುತ್ತೆ.
ವೇದಾಂತವಲ್ಲ ಇದು, ಗಿರಾಕಿಗೆ ದಿನಾ ಹೇಳುವ ಮಾತು.

ರಿಮ್ಮು ಮೂರಿಂಚು ಇಳಿಸೋಣ ಅಂದೆ, ಹದಿನೆಂಟಕ್ಕೆ.
ಇಳಿಸಿದಷ್ಟನ್ನೂ ರಬ್ಬರಲ್ಲಿ ತುಂಬೋಣ.
ಗಾಡಿಯ ಎತ್ತರ ಹೆಚ್ಚುಕಮ್ಮಿ ಅಷ್ಟೇ,
ಸ್ಪೀಡಿನ ಮುಳ್ಳೂ ಸುಳ್ಳು ಹೇಳಲ್ಲ.
ಇಳಿದದ್ದು ಗೌಡರ ಮುಖ.
"ಛತ್ರದ ಮುಂದೆ ನಿಲ್ಲಿಸಿದರೆ ಜನ ಏನಂತಾರೆ?
ಪಿಕಪ್ಪಿನ ಚಕ್ರ ಅಂತಾರೆ."
"ಛತ್ರಕ್ಕೆ ವರ್ಷಕ್ಕೆಷ್ಟು ಸಲ ಹೋಗ್ತೀವಿ?" ಅಂದರು ಅಕ್ಕ.
ಗೌಡರು ಎಣಿಸತೊಡಗಿದರು,
ನಿಜವಾಗಿಯೂ, ಬೆರಳು ಮಡಚಿ ಮಡಚಿ.

ಹಾಸನದಿಂದ ಬಸ್ಸಿನ ಡಿಕ್ಕಿಯಲ್ಲಿ ಬಂದವು ನಾಲ್ಕೂ.
ಜೋಕಿಂ ಒಂದೊಂದನ್ನೇ ಎದೆಗವಚಿ ಇಳಿಸಿದ.
ಎಮ್ಮೆ ಗೊರಸಿನಂಥ ಗುಬಟು, ನಡುವೆ ಬೆರಳು ಹೋಗುವ ಸೀಳು.
ಶಾಲೆ ಶುರುವಾದ ದಿನದ ಹೊಸ ಚಪ್ಪಲಿಯ ವಾಸನೆ.

ಅಳತೆಯೆಲ್ಲ ಕೂಡಿತ್ತು: ಬೋಲ್ಟಿನ ಸುತ್ತು, ನಡುವಿನ ತೂತು,
ಒಳಕ್ಕೆಷ್ಟು, ಹೊರಕ್ಕೆಷ್ಟು.
ಬ್ರೇಕಿನ ದವಡೆಗೂ ರಿಮ್ಮಿಗೂ ನಡುವೆ
ಎರಡು ನಾಣ್ಯ ಜೋಡಿಸಿ ತೂರಿಸುವಷ್ಟು ಸಂದು.
ಸಾಕು, ಅಂದೆ. ಜ್ಯಾಕಿನ ಮೇಲೆ ಕೈಯಿಂದ ತಿರುಗಿಸಿದೆ.

ಸರ್ರ್.

ಒಂದು ಸುತ್ತಿಗೆ ಒಂದೇ ಸಲ. ಸರ್ರ್.
ಗೌಡರು ಏನೂ ಅನ್ನಲಿಲ್ಲ,
ಅನ್ನದೇ ಇದ್ದದ್ದು ನನಗೆ ಚೆನ್ನಾಗಿ ಕೇಳಿಸಿತು.
ಮೂವತ್ತೊಂದು ವರ್ಷದ ಕಸುಬು; ಕಿವಿ ಬಿಸಿಯಾಯಿತು.
ಅರೆಯುವ ಮಿಷನ್ನಿನ ಕಡೆ ಕಣ್ಣು ಹೋಯಿತು.
ದೇವರಾಣೆ, ಬ್ರೇಕನ್ನೇ ಒಂಚೂರು ಅರೆದುಬಿಡಲಾ ಅಂತ
ಆ ಗಳಿಗೆಯಲ್ಲಿ ಅನಿಸಿದ್ದುಂಟು.

ಜೋಕಿಂ ನೆಲಕ್ಕೆ ಬೆನ್ನು ಕೊಟ್ಟು ಟಾರ್ಚು ಬಿಟ್ಟ.
"ಕಾಕಾ, ತೂಕ."

ತೂಕವೇ. ಚಕ್ರ ಅದುರದಿರಲಿ ಎಂದು
ನಾನೇ ಒಳಗೆ ಅಂಟಿಸಿದ ಬಿಲ್ಲೆ,
ಹದಿನೈದು ಗ್ರಾಮು, ಬ್ರೇಕಿನ ಕೆನ್ನೆ ಸವರುತ್ತಿತ್ತು.
ಸಮ ಮಾಡಲು ಇಟ್ಟದ್ದೇ ಅಡ್ಡ ಬಂದಿತ್ತು.
ಕಿತ್ತೆ. ಎರಡು ಬೆರಳು ಆಚೆಗೆ ಸರಿಸಿ,
ಮತ್ತೆ ತೂಗಿ ನೋಡಿ ಅಂಟಿಸಿದೆ.
ತಿರುಗಿಸಿದೆ. ಸದ್ದಿಲ್ಲ.
ಹಲಸಿನ ಮರದಲ್ಲಿ ಗಿಳಿ, ದೂರದಲ್ಲಿ ಬಸ್ಸಿನ ಹಾರನ್ನು, ಅಷ್ಟೇ.

ಗಾಡಿಗೆ ಮಾತ್ರ ತನ್ನ ಕಾಲಿನ ಗುರುತು ಹತ್ತಲಿಲ್ಲ.
ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಸಿಕೊಂಡು
ನಾಲ್ಕು ಕಿಲೋಮೀಟರು ಅನುಮಾನಪಟ್ಟಿತು, ಆಮೇಲೆ ಒಪ್ಪಿತು.
ಅಕ್ಕ ಅದನ್ನು ಸೀದಾ ಪಲ್ಪರ್ ಮನೆಗೆ ಇಳಿಸಿದರಂತೆ,
ತೊರೆ ದಾಟಿ, ಗಾಳಿ ಸ್ವಲ್ಪ ಕಮ್ಮಿ ಮಾಡಿಕೊಂಡು.
ಮರುವಾರ ಸಂತೆಗೆ ಬಂದಾಗ ಬಾಗಿಲವರೆಗೂ ಕೆಸರು.
ತೊಳೆಸಿರಲಿಲ್ಲ. ತೊಳೆಸುವ ಮನಸ್ಸೂ ಕಾಣಲಿಲ್ಲ.

ಹಳೆಯ ನಾಲ್ಕೂ ನನ್ನ ಶೆಡ್ಡಿನ ಮೂಲೆಯಲ್ಲಿವೆ,
ಗೌಡರೇ ತಂದು ಹೊದೆಸಿದ ಹೂವಿನ ಬೆಡ್‌ಶೀಟಿನಡಿ.
"ಮದುವೆ ಸೀಸನ್ನಿಗೆ ಬೇಕಾಗುತ್ತೆ ಮೊಯ್ದು, ಕೊಡಬೇಡ ಯಾರಿಗೂ."
ಆಗೊಮ್ಮೆ ಈಗೊಮ್ಮೆ ಸ್ಕೂಟರಿನಲ್ಲಿ ಒಬ್ಬರೇ ಬರುತ್ತಾರೆ,
ಶೀಟಿನ ತುದಿ ಎತ್ತಿ ನೋಡಿ,
ಚಾ ಕುಡಿದು ಹೋಗುತ್ತಾರೆ.

ಅವರು ಬಾರದ ದಿನ
ಜೋಕಿಂ ಅದೇ ತುದಿ ಎತ್ತಿ, ಬಗ್ಗಿ,
ತಲೆ ಬಾಚಿಕೊಳ್ಳುತ್ತಾನೆ.