ಹನಿಗೆ ಎರಡು ಮೆಟಿಕಲ್

ಬೆಳಕು ಹರಿದರೆ ಕೋಳಿ ಕೈಗೆ ಸಿಗದು.
ಅದಕ್ಕೇ ಫೆಲಿಜಾರ್ದಾ ನಾಲ್ಕಕ್ಕೇ ಎದ್ದು
ಒದ್ದೆ ಬಟ್ಟೆ ಸುತ್ತಿದ ಸೀಸೆ ಹಿಡಿದು
ಲಿಂಪೋಪೊ ದಂಡೆಯ ಮರಳುಹಾದಿಯಲ್ಲಿ ಬರುತ್ತಾಳೆ,
ಗೇರುಮರದ ಕೊಂಬೆಕೊಂಬೆಗೂ ಟಾರ್ಚು ಬಿಡುತ್ತಾ.

ಕೋಳಿಗೆ ಒಂದೇ ಹನಿ, ಕಣ್ಣಿಗೆ.
ಅದು ಪಿಳುಕಿಸಬೇಕು. ಪಿಳುಕಿಸುವ ತನಕ
ಬಿಡುವವಳಲ್ಲ ಇವಳು.

ನೋಟುಬುಕ್ಕಿನ ಕೊನೆಯ ಮನೆಯಲ್ಲಿ
ಹೋದವುಗಳ ಪಟ್ಟಿ:
ಬೋಳುಗತ್ತಿನದು, ಹದ್ದು ಒಯ್ದಿತು.
ಚುಕ್ಕಿಯದು, ಮಗಳ ಸಮವಸ್ತ್ರವಾಯಿತು.
ಕೆಂಪು ಹುಂಜ, ಭಾವ ಬಂದಿದ್ದ.
ಹೋದವೇ ಎಲ್ಲ, ಆದರೆ ಲೆಕ್ಕ ಕೊಟ್ಟು ಹೋದವು.

ಕೊಸ್ಸಾ ಅಜ್ಜ ಕಳೆದ ಸಲ ಬೇಲಿಯಾಚೆಯೇ ನಿಲ್ಲಿಸಿದ್ದ:
"ನನ್ನ ಕೋಳಿ ಕುರುಡಾದರೆ
ಮೊಟ್ಟೆ ನೀನಿಡುತ್ತೀಯಾ?"
ಸೆಪ್ಟೆಂಬರಿನ ಬಿಸಿಗಾಳಿಗೆ ಹತ್ತೊಂಬತ್ತು
ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ
ಮೂರೇ ದಿನದಲ್ಲಿ ಗುಂಡಿ ಸೇರಿದವು.

ಇವತ್ತು ಕರೆಯದೆ ಬಂದು ನಿಂತಿದ್ದಾನೆ,
ತಂಗಿಯ ಮನೆಯಿಂದ ಕಡ ತಂದ ಹೇಂಟೆ
ಅಂಗಿಯೊಳಗೆ ಬೆಚ್ಚಗೆ.
ಮಾತಿಲ್ಲ. ತಾನೇ ರೆಕ್ಕೆ ಒತ್ತಿ ಹಿಡಿದ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡ.

ಹನಿ ಬಿತ್ತು.
ಕೋಳಿಗಿಂತ ಮೊದಲು
ಅಜ್ಜ ಕಣ್ಣು ಪಿಳುಕಿಸಿದ.

ಅವಳು ಬರೆದುಕೊಂಡಳು:
ಕೊಸ್ಸಾ. ಹೇಂಟೆ, ಬೂದಿಬಣ್ಣ. ಒಂದು.
ದುಡ್ಡು ಬಾಕಿ.